ಸಮುದ್ರಕ್ಕೊಂದು ಪಾಣಿ

ನಮ್ಮ ಕಡೆ ಸಮುದ್ರಗಳಿಗೆ ಬರವಿಲ್ಲ. ಕೊಳ್ಳೇಗಾಲ ಸೀಮೆಯ ನಮ್ಮ ಮುಳ್ಳೂರಿನಿಂದ ಕಾವೇರಿ ಹೊಳೆ ಹರಿದ ದಿಕ್ಕಿಗೆ ಹೋದರೆ ಶಿವನಸಮುದ್ರ, ಹೊಳೆ ಬಂದ ದಿಕ್ಕಿಗೆ ಹೋದರೆ ಕೃಷ್ಣರಾಜಸಾಗರ. ಹಳೇ ಮೈಸೂರು ಸೀಮೆಯಲ್ಲಿ ಕೆರೆ ಕಟ್ಟಿಸಿದ ಪುಣ್ಯಾತ್ಮರಲ್ಲಿ ಎಷ್ಟೋ ಜನ ಅದಕ್ಕೊಂದು ಸಮುದ್ರದ ಹೆಸರಿಟ್ಟು, ಒಂದು ಸಲ ಕೋಡಿ ಬಿದ್ದರೆ ಸಾಕಪ್ಪಾ ಅಂತ ಮುಗಿಲಿಗೆ ಕೈ ಮುಗಿದವರೇ. ಇಷ್ಟು ಸಮುದ್ರಗಳಿದ್ದೂ ಒಂದರಲ್ಲೂ ಉಪ್ಪಿಲ್ಲ. ಉಪ್ಪಿರುವ ಸಮುದ್ರ ನೋಡಬೇಕಾದರೆ ಮೈಸೂರಿಗೆ ಹೋಗಿ, ಮಡಿಕೇರಿ ಘಟ್ಟ ಇಳಿದು, ಮಂಗಳೂರಿನವರೆಗೆ ಬಸ್ಸಿನಲ್ಲಿ ಸೊಂಟ ಮುರಿದುಕೊಳ್ಳಬೇಕು. ಅಲ್ಲಿಯವರು ಅದನ್ನು ಸಮುದ್ರ ಅನ್ನುವುದಕ್ಕಿಂತ ಕಡಲು ಅನ್ನುವುದೇ ಹೆಚ್ಚು. ದಿನಾ ಒಡನಾಡುವವರಿಗೆ ಒತ್ತಿಲ್ಲದ ಮೂರಕ್ಷರ ಸಾಕು. ದೂರದಿಂದ ಕೈ ಮುಗಿಯುವ ನಮಗೆ ಒತ್ತಕ್ಷರ ಇರುವ ಸಂಸ್ಕೃತವೇ ಆಗಬೇಕು.

ಇಂಥ ಊರಿನ ಜಗಲಿಯ ಮೇಲೆ ಕೂತು ಮೂರು ದಿನ ಸಮುದ್ರವನ್ನು ಭಾಗ ಮಾಡಿದೆವು ಎಂದರೆ ಅದಕ್ಕೆ ಆಷಾಢವೇ ಹೊಣೆ. ನನ್ನ ತಂಗಿಯ ಮಗನಿಗೆ ಮದುವೆಯಾಗಿ ಎರಡು ತಿಂಗಳು. ಆಷಾಢ ಹುಟ್ಟಿತು, ಹೊಸ ಸೊಸೆ ತವರಿಗೆ ಹೋದಳು. ಹುಡುಗನಿಗೆ ಚೆನ್ನೈನ ಬಾಡಿಗೆ ಮನೆ ಕಚ್ಚಲು ಬಂದಿರಬೇಕು. ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಸಾಹೇಬರಿಗೆ ಹೇಳಿ, ಲ್ಯಾಪ್‌ಟಾಪು ಹೆಗಲಿಗೆ ನೇತುಹಾಕಿಕೊಂಡು ಸೋದರಮಾವನ ಮನೆಗೆ ಬಂದಿಳಿದ. ಕೆಲಸ ಏನೆಂದರೆ ಸಮುದ್ರದ ನಕ್ಷೆಯಲ್ಲಿ ಗೆರೆ ಎಳೆಯುವುದು. ಎಲ್ಲಿ ಗಾಳಿಯಂತ್ರ ನಿಲ್ಲಿಸಬಹುದು, ಎಲ್ಲಿ ಹಡಗಿನ ದಾರಿ, ಎಲ್ಲಿ ಮೀನಿನ ಜಾಗ, ಎಲ್ಲಿ ನೌಕಾಪಡೆಯವರು ಯಾರನ್ನೂ ಬಿಡುವುದಿಲ್ಲ, ಎಲ್ಲಿ ನೆಲದಡಿ ತಂತಿ ಹಾಯ್ದಿದೆ. ಇದಕ್ಕೆ ಮರೈನ್ ಸ್ಪೇಷಿಯಲ್ ಪ್ಲಾನಿಂಗ್ ಅನ್ನುತ್ತಾರಂತೆ. ಹೊರಗೆ ಆಷಾಢದ ಗಾಳಿ ತೆಂಗಿನ ಗರಿಗಳ ಜುಟ್ಟು ಹಿಡಿದು ಆಡಿಸುತ್ತಿತ್ತು. ಒಳಗೆ ಪರದೆಯ ಮೇಲೆ ನೀಲಿ ನೀರು, ಅದರ ಮೇಲೆ ಕೆಂಪು, ಹಳದಿ, ಹಸಿರು ಚೌಕಗಳು.

ನಮ್ಮ ದೊಡ್ಡಪ್ಪನಿಗೆ 80 ದಾಟಿದೆ. ಕಣ್ಣು ಮಂಜು, ಆದರೆ ಗೆರೆ ಅಂದರೆ ಕಿವಿ ನೆಟ್ಟಗಾಗುತ್ತದೆ; ಬದುಕಿನ ಅರ್ಧ ಆಯುಸ್ಸನ್ನು ಬದುವಿನ ವ್ಯಾಜ್ಯದಲ್ಲಿ ಕಳೆದ ಜೀವ. ಬಗ್ಗಿ ನೋಡಿದರು.

"ಇದೇನ್ಲಾ ಮಗ, ಪೋಡಿ ಮಾಡ್ತಿದ್ದಯ್ಯಾ?"

"ಹೂಂ ತಾತ, ಸಮುದ್ರದ ಪೋಡಿ."

"ಅಲ್ಲ ಕನ್ಲಾ, ಸಮುದ್ರಕ್ಕೂ ಪಾಣಿ ಅದಾ?"

ನಾನು ಮೂವತ್ತು ವರ್ಷ ಮೇಷ್ಟರಾಗಿದ್ದವನು. ಪ್ರಶ್ನೆ ಕೇಳುವವರ ವಯಸ್ಸಿಗೂ ಪ್ರಶ್ನೆಯ ತೂಕಕ್ಕೂ ಸಂಬಂಧವಿಲ್ಲ ಎಂಬುದನ್ನು ತರಗತಿಯಲ್ಲೇ ಕಲಿತಿದ್ದೇನೆ. ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಪಹಣಿ ಎಂದು ಬರೆದು ಪಾಣಿ ಎಂದು ಓದುವ ಆ ಒಂದು ಹಾಳೆಗಾಗಿ ನಾಡಕಚೇರಿಯ ಮುಂದೆ ಸರದಿ ನಿಂತವನಿಗೆ ಗೊತ್ತು, ಅದರಲ್ಲಿ ಹೆಸರಿದ್ದರೆ ಮನುಷ್ಯ, ಇಲ್ಲದಿದ್ದರೆ ಹಾದಿಹೋಕ. ಸಮುದ್ರದ ಪಾಣಿಯಲ್ಲಿ, ಮಾಲೀಕರ ಕಾಲಮ್ಮಿನಲ್ಲಿ ಯಾರ ಹೆಸರಿದೆ?

ಹುಡುಗ ತಾಳ್ಮೆಯಿಂದ ಹೇಳಿದ. ಹಿಂದಿನ ಕಾಲದಲ್ಲಿ ಯುರೋಪಿನ ದೊರೆಗಳು ದಡದಲ್ಲಿ ಫಿರಂಗಿ ಇಟ್ಟು ಹೊಡೆದರೆ ಗುಂಡು ಎಲ್ಲಿಗೆ ಬೀಳುತ್ತದೋ ಅಲ್ಲಿಯವರೆಗೆ ತಮ್ಮದು ಅಂದುಕೊಂಡಿದ್ದರಂತೆ. ಅದು ಸುಮಾರು 3 ಮೈಲಿ. ಗುಂಡು ಮುಟ್ಟದ ನೀರು ದೇವರದ್ದು. ಆಮೇಲೆ ಆಸೆ ಬೆಳೆಯಿತು. ನಮ್ಮ ದೇಶದ 1976ರ ಕಾಯ್ದೆಯ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿ, ಅಂದರೆ 22 ಕಿಲೋಮೀಟರ್, ಪೂರಾ ನಮ್ಮ ನೆಲವಿದ್ದ ಹಾಗೆ. 200 ನಾಟಿಕಲ್ ಮೈಲಿಯವರೆಗೆ, ಅಂದರೆ ಸುಮಾರು 370 ಕಿಲೋಮೀಟರ್, ಮೀನು, ಎಣ್ಣೆ, ಗಾಳಿ ಎಲ್ಲದರ ಉತ್ಪತ್ತಿಯ ಹಕ್ಕು ನಮ್ಮದು. ಹಡಗು ಮಾತ್ರ ಯಾರದ್ದು ಬೇಕಾದರೂ ಹೋಗಬಹುದು. 1982ರಲ್ಲಿ ವಿಶ್ವಸಂಸ್ಥೆಯ ಒಪ್ಪಂದವೂ ಇದನ್ನೇ ಹೇಳಿತು. ನಮ್ಮ ಊರಿನಿಂದ ಮಂಗಳೂರಿಗೆ ಹೋಗುವ ದಾರಿಗಿಂತ ಉದ್ದ, ಬರೀ ನೀರಿನ ಮೇಲೆ! ಇದರಲ್ಲೂ ಒಂದು ತಮಾಷೆ. 12 ಮೈಲಿಯ ಒಳಗೆ ಈಜುವ ಮೀನು ರಾಜ್ಯ ಸರ್ಕಾರದ್ದು, ಆಚೆ ಈಜಿದರೆ ಕೇಂದ್ರದ್ದು. ಬಂಗುಡೆಗೆ ಈ ವಿಷಯ ತಿಳಿಸಿದವರು ಯಾರೂ ಇಲ್ಲ.

"ಹಂಗಾರ ಸರ್ವೆ ಕಲ್ಲ ಎಲ್ಲಿ ನೆಟ್ಟರು?" ಅಂದರು ದೊಡ್ಡಪ್ಪ.

ಕಲ್ಲಿಲ್ಲ, ಉಪಗ್ರಹದ ಲೆಕ್ಕ ಎಂದ ಹುಡುಗ. ದೊಡ್ಡಪ್ಪನಿಗೆ ಸಮಾಧಾನವಾಗಲಿಲ್ಲ. ಯಾಕೆ ಅಂತ ಹೇಳಬೇಕಾದರೆ 2018ರ ಆಗಸ್ಟಿಗೆ ಹೋಗಬೇಕು.

ಆ ವರ್ಷ ಕಬಿನಿಯಿಂದಲೂ ಕೆ.ಆರ್.ಎಸ್.ನಿಂದಲೂ ಒಟ್ಟಿಗೆ ನೀರು ಬಿಟ್ಟರು. ಎರಡೂ ತಿರುಮಕೂಡಲಿನಲ್ಲಿ ಕೂಡಿ, 2 ಲಕ್ಷ ಕ್ಯುಸೆಕ್ ದಾಟಿ, ನೇರ ನಮ್ಮ ಮೇಲೆ ಬಂದವು. ದಾಸನಪುರ, ಹಳೇ ಹಂಪಾಪುರ, ಹರಳೆ, ಹಳೇ ಅಣಗಳ್ಳಿ, ಯಡಕುರಿಯ, ನಮ್ಮ ಮುಳ್ಳೂರು ಎಲ್ಲ ಕಡೆ ಹೊಳೆ ಗದ್ದೆಗೆ ನುಗ್ಗಿತು, ಬೀದಿಗೆ ಬಂತು. ದನಕರು ಹಿಡಿದುಕೊಂಡು ಗಂಜಿಕೇಂದ್ರದಲ್ಲಿ ಕೂತೆವು. ಅತ್ತ ಶಿವನಸಮುದ್ರದ ಹತ್ತಿರ, ಕಂಪನಿ ಸರ್ಕಾರದ ಕಾಲದ ಕಲ್ಲುಕಂಬದ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಎಷ್ಟೋ ಪ್ರವಾಹ ಕಂಡು ಕದಲದೆ ನಿಂತಿದ್ದ ಕಲ್ಲದು. ನೀರು ಇಳಿದ ಮೇಲೆ ಹೋಗಿ ನೋಡಿದರೆ ನಮ್ಮ ಹೊಳೆದಂಡೆಯ ಜಮೀನಿನಲ್ಲಿ ಬದು ಇಲ್ಲ, ಕಲ್ಲು ಇಲ್ಲ, ಮೇಲ್ಮಣ್ಣೂ ಇಲ್ಲ. ಮರಳು ಮಾತ್ರ. ದೊಡ್ಡಪ್ಪನ ಲೆಕ್ಕದಲ್ಲಿ ಹತ್ತು ಗುಂಟೆ ಹೊಳೆಗೆ ಹೋಗಿದೆ. ಪಕ್ಕದ ಜಮೀನಿನವರ ಲೆಕ್ಕದಲ್ಲಿ ಹೋದದ್ದು ಅವರದ್ದು, ಉಳಿದದ್ದೂ ಅವರದ್ದು. ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಸರಪಳಿ ಎಳೆಸಿ, ಕಲ್ಲು ನೆಡಿಸಿ ಮುಗಿಸುವಷ್ಟರಲ್ಲಿ 2019ರ ಆಗಸ್ಟು ಬಂದು ಹೊಳೆ ಮತ್ತೆ ಏರಿತು. ಈಗಲೂ ಪಾಣಿಯಲ್ಲಿ ವಿಸ್ತೀರ್ಣ ಪೂರ್ತಿ ಇದೆ. ಹೊಲದಲ್ಲಿ ಇಲ್ಲ, ಅಷ್ಟೇ.

ನೀರಿನ ಪಕ್ಕದ ನೆಲಕ್ಕೇ ಗುರುತು ಉಳಿಯದ ಮೇಲೆ ನೀರಿಗೇ ಗುರುತು ಹಾಕುತ್ತೇನೆ ಅನ್ನುವವನನ್ನು ದೊಡ್ಡಪ್ಪ ಹೇಗೆ ನಂಬಬೇಕು?

ಗಾಳಿಯ ವಿಷಯಕ್ಕೆ ಬಂದಾಗ ಮಾತ್ರ ಅವರಿಗೆ ಯಾರ ಪಾಠವೂ ಬೇಕಾಗಲಿಲ್ಲ. 'ಗಾಳಿ ಬಂದಾಗ ತೂರಿಕೋ' ಅನ್ನುವುದು ಈಗ ರಾಜಕಾರಣಿಗಳ ಗಾದೆಯಾಗಿದೆ, ಮೊದಲು ಅದು ಕಣದ ಗಾದೆ. ಭತ್ತ ಬಡಿದು ರಾಶಿ ಹಾಕಿ, ಎತ್ತರದಲ್ಲಿ ನಿಂತು, ಮೊರ ತಲೆಯ ಮೇಲೆ ಎತ್ತಿ ಹಿಡಿದು ಗಾಳಿಗೆ ಕಾಯುತ್ತಿದ್ದ ದಿನಗಳು ನನಗೂ ನೆನಪಿವೆ. ಕಾಳು ಬುಡಕ್ಕೆ ಬೀಳಬೇಕು, ಜೊಳ್ಳು ಆಚೆ ಹಾರಬೇಕು. ಮಂದ ಗಾಳಿಗೆ ಜೊಳ್ಳು ಜರುಗುವುದಿಲ್ಲ. ಜೋರು ಗಾಳಿಗೆ ಕಾಳೇ ಪಕ್ಕದ ಕಣಕ್ಕೆ ಹೋಗುತ್ತದೆ. ಇದ್ದಕ್ಕಿದ್ದಂತೆ ಗಾಳಿ ನಿಂತುಹೋದರೆ ಮೊರ ಇಳಿಸಿ ಎಲೆಯಡಿಕೆ ಹಾಕಿಕೊಂಡು ಕೂರುವುದು. ಹುಡುಗನ ಕಂಪನಿಯ ಸಾಹೇಬರು ವರ್ಷಗಟ್ಟಲೆ ಗಾಳಿ ಅಳೆಯುತ್ತಾ ಕೂರುವುದೂ ಇದೇ ಕೆಲಸ, ಎಲೆಯಡಿಕೆ ಇಲ್ಲ ಅನ್ನುವುದೊಂದೇ ವ್ಯತ್ಯಾಸ.

ಯಾಕೆ ಅಷ್ಟು ಅಳೆಯಬೇಕು ಅಂದರೆ, ಗಾಳಿಯ ವೇಗ ಎರಡರಷ್ಟಾದರೆ ಅದರೊಳಗಿನ ಶಕ್ತಿ ಎಂಟರಷ್ಟಾಗುತ್ತದೆ. ವೇಗದಲ್ಲಿ ಒಂದು ಚೂರು ಹೆಚ್ಚುಕಮ್ಮಿಯಾದರೂ ವಿದ್ಯುತ್ತಿನಲ್ಲಿ ಲಾಭನಷ್ಟ ತಿರುಗುಮುರುಗು. ಸಮುದ್ರದ ಮೇಲೆ ಮರವಿಲ್ಲ, ಮನೆಯಿಲ್ಲ, ಗುಡ್ಡವಿಲ್ಲ. ಗಾಳಿ ಎಡವದೆ ಒಂದೇ ಸಮನೆ ಬೀಸುತ್ತದೆ. ಇದನ್ನು ಮೊದಲು ಗಂಟು ಕಟ್ಟಿದವರು ಡೆನ್ಮಾರ್ಕಿನವರು. 1991ರಲ್ಲಿ ವಿಂಡೆಬಿ ಎಂಬಲ್ಲಿ, ದಡದ ಹತ್ತಿರದ ತೆಳುನೀರಿನಲ್ಲಿ 11 ಯಂತ್ರ ನಿಲ್ಲಿಸಿದರು. ಒಂದೊಂದರ ತಾಕತ್ತು 450 ಕಿಲೋವ್ಯಾಟ್, ಎಲ್ಲ ಸೇರಿ 5 ಮೆಗಾವ್ಯಾಟೂ ಪೂರಾ ಇಲ್ಲ. 25 ವರ್ಷ ದುಡಿಸಿ 2017ರಲ್ಲಿ ಕಳಚಿ ಹಾಕಿದರು. ಈಗಿನ ಒಂದೇ ಯಂತ್ರ 12 ಮೆಗಾವ್ಯಾಟ್ ಮೀರುತ್ತದೆ, ಒಂದೊಂದು ರೆಕ್ಕೆಯೇ 100 ಮೀಟರಿಗಿಂತ ಉದ್ದ. ಚಿತ್ರದುರ್ಗದ ಹೆದ್ದಾರಿಯಲ್ಲಿ ನೆಲದ ಮೇಲಿನ ಯಂತ್ರದ ಒಂದು ರೆಕ್ಕೆ ಹೊತ್ತ ಲಾರಿ ತಿರುವಿನಲ್ಲಿ ಸಿಕ್ಕಿಕೊಂಡು, ನಮ್ಮ ಬಸ್ಸು ಅದರ ಹಿಂದೆ ಒಂದು ತಾಸು ನಿಂತಿದ್ದನ್ನು ನಾನು ಕಂಡಿದ್ದೇನೆ. ಅದು ಇದರ ಮುಂದೆ ಮರಿ.

"ಹಾಗಾದರೆ ನಮ್ಮ ಮಂಗಳೂರು, ಮಲ್ಪೆ, ಕಾರವಾರದ ಕಡಲಲ್ಲಿ ಯಾಕೆ ಹಾಕಬಾರದು?" ನನ್ನ ಅಭಿಮಾನ ಎದ್ದು ಕೇಳಿತು.

"ಮಾವ, ನಮ್ಮ ಕಡಲು ಸರ್ಕಾರದ ಪಟ್ಟಿಯಲ್ಲೇ ಇಲ್ಲ. ಗುಜರಾತಿನಲ್ಲಿ ಎಂಟು ವಲಯ, ತಮಿಳುನಾಡಿನಲ್ಲಿ ಎಂಟು ವಲಯ. ಕರ್ನಾಟಕ ಸೊನ್ನೆ."

ಬೇಜಾರಾಯಿತು. ಆದರೆ ಕಾರಣ ಕೇಳಿದ ಮೇಲೆ ಬೇಜಾರು ಇಳಿಯಿತು. ಮುಂಗಾರಿನ ಗಾಳಿ ಕಡಲಿನಿಂದ ಬಂದು ಸಹ್ಯಾದ್ರಿಯ ಗೋಡೆಗೆ ತಾಗಿ, ಮೇಲೇರಿ, ಆಗುಂಬೆಯಲ್ಲಿ ಮಳೆಯಾಗಿ ಇಳಿದುಬಿಡುತ್ತದೆ. ಗೋಡೆಗೆ ಎಲ್ಲಿ ಕಿಂಡಿಯಿದೆಯೋ ಅಲ್ಲಿ ಮಾತ್ರ ಅದು ಸೀಟಿ ಹೊಡೆದುಕೊಂಡು ನುಗ್ಗುತ್ತದೆ. ಪಾಲಕ್ಕಾಡಿನ ಕಿಂಡಿ ಅಂಥದ್ದು. ದಿಂಬಂ ಘಟ್ಟ ಇಳಿದು ಪಳನಿಗೆ ಹರಕೆ ತೀರಿಸಲು ಹೋದಾಗ ಉಡುಮಲೆಯ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಗಾಳಿಯಂತ್ರ ತಿರುಗುವುದನ್ನು ನೋಡಿದ್ದೆ; ಸುಬ್ರಹ್ಮಣ್ಯನ ಊರಿಗೆ ಇಷ್ಟೊಂದು ಬೀಸಣಿಗೆ ಯಾಕಪ್ಪಾ ಅಂದುಕೊಂಡಿದ್ದೆ. ಇನ್ನೊಂದು ಕಿಂಡಿ ಕನ್ಯಾಕುಮಾರಿಯ ಹತ್ತಿರದ ಅರಲ್ವಾಯ್‌ಮೊಳಿ. ಅಲ್ಲಿಂದ ನುಗ್ಗಿದ ಗಾಳಿ ಮನ್ನಾರ್ ಕೊಲ್ಲಿಯ ಮೇಲೆ ಓಡಾಡುತ್ತದೆ. ನಮಗೆ ದೇವರು ಕಡಲ ಗಾಳಿ ಕಡಿಮೆ ಕೊಟ್ಟರೂ ಜೋಗಿಮಟ್ಟಿ, ಕಪ್ಪತಗುಡ್ಡ ಕೊಟ್ಟಿದ್ದಾನೆ. ನೆಲದ ಮೇಲಿನ ಗಾಳಿಯಲ್ಲೇ ಕರ್ನಾಟಕ 7 ಸಾವಿರ ಮೆಗಾವ್ಯಾಟ್ ದಾಟಿದೆ. ಕೊರಗಬೇಕಾದ್ದಿಲ್ಲ.

ಮತ್ತೆ ಪಟ್ಟಿಯಲ್ಲಿರುವವರೂ ಇನ್ನೂ ಪಟ್ಟಿಯಲ್ಲೇ ಇದ್ದಾರೆ. ಕೇಂದ್ರ ಸರ್ಕಾರ 2015ರಲ್ಲಿ ಕಡಲ ಗಾಳಿಯ ನೀತಿ ಹೊರಡಿಸಿತು. 2017ರ ನವೆಂಬರಿನಲ್ಲಿ ಖಂಭಾತ್ ಕೊಲ್ಲಿಯಲ್ಲಿ, ಪಿಪಾವಾವ್ ದಡದಿಂದ 23 ಕಿಲೋಮೀಟರ್ ಒಳಗೆ, ಲೇಸರ್ ಕಿರಣದಿಂದ ಗಾಳಿ ಅಳೆಯುವ ಲೈಡಾರ್ ಯಂತ್ರ ನಿಲ್ಲಿಸಿದರು. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯವರು ಗುಜರಾತು, ತಮಿಳುನಾಡು ಎರಡೂ ಸೇರಿ 70 ಸಾವಿರ ಮೆಗಾವ್ಯಾಟ್ ತೆಗೆಯಬಹುದು ಅಂದರು. 2018ರಲ್ಲಿ, 2030ರ ಹೊತ್ತಿಗೆ 30 ಸಾವಿರ ಮೆಗಾವ್ಯಾಟ್ ಆಗಲೇಬೇಕು ಎಂದು ಗುರಿ ಹಾಕಿಕೊಂಡರು. 2024ರ ಜೂನಿನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರಲ್ಲಿ 6,853 ಕೋಟಿ ಮೊದಲ 1,000 ಮೆಗಾವ್ಯಾಟಿನ ನಷ್ಟ ತುಂಬಿಕೊಡಲಿಕ್ಕೆ, ಉಳಿದ 600 ಕೋಟಿ ಬಂದರುಗಳನ್ನು ಸಜ್ಜು ಮಾಡಲಿಕ್ಕೆ. ಟೆಂಡರು ಕರೆದರು. ರದ್ದೂ ಮಾಡಿದರು. ಕೆಸರಿನ ತಳಕ್ಕೆ ಉಕ್ಕಿನ ಕೊಳವೆ ಬಡಿದು ಕಂಬ ನಿಲ್ಲಿಸಬೇಕು, ಅದಕ್ಕೆ ಬೇಕಾದ ಹಡಗು ನಮ್ಮಲ್ಲಿಲ್ಲ, ಚಂಡಮಾರುತ ಬೇರೆ, ಉಪ್ಪಿಗೆ ತುಕ್ಕು ಬೇರೆ. ನೆಲದ ಮೇಲಿನ ಬಿಸಿಲಿನ ಕರೆಂಟು ಅಗ್ಗಕ್ಕೆ ಸಿಗುವಾಗ ಇದನ್ನು ಕೊಳ್ಳುವವರು ಯಾರು?

ಇದನ್ನು ಕೇಳಿ ನನಗೆ ಒಳಗೊಳಗೇ ಖುಷಿಯೂ ಆಯಿತು. ಯಾಕೆಂದರೆ ಗೆರೆ ಎಳೆಯಲಿಕ್ಕೆ ಇದೇ ಒಳ್ಳೆಯ ಹೊತ್ತು. ಕಂಬ ಬಂದ ಮೇಲೆ ನಕ್ಷೆ ಮಾಡಿದರೆ ಅದು ನಕ್ಷೆಯಲ್ಲ, ಪಂಚನಾಮೆ.

ಪರದೆಯ ಮೇಲಿನ ಚೌಕಗಳ ನಡುವೆ ಒಂದಿಷ್ಟು ಜಾಗ ಬರೀ ನೀಲಿಯಾಗಿತ್ತು. ಯಾವ ಬಣ್ಣವೂ ಇಲ್ಲ.

"ಇದೇನು?" ಅಂದೆ.

"ಅದು ಖಾಲಿ ಮಾವ. ಅಲ್ಲಿ ಯಾವ ಬಳಕೆಯೂ ದಾಖಲಾಗಿಲ್ಲ."

ದೊಡ್ಡಪ್ಪ ಬಾಯಿಯಲ್ಲಿದ್ದ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು ಬಂದು ಕೂತರು. "ನಮ್ಮೂರ್ ಗೋಮಾಳವೂವ ಕಾಗ್ದದಲ್ಲಿ ಖಾಲಿನೇ ಇತ್ತು ಕನಪ್ಪ" ಅಂದರು.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಗೋಮಾಳ ಎಂದರೆ ಏನೆಂದು ಪಟ್ಟಣದಲ್ಲಿ ಬೆಳೆದ ಈ ಹುಡುಗನಿಗೆ ಹೇಗೆ ಹೇಳುವುದು? ಅಲ್ಲಿ ಯಾರ ಹೆಸರೂ ಇಲ್ಲ. ಆದರೆ ಬೆಳಗ್ಗೆ ದನ, ಮಧ್ಯಾಹ್ನ ಮೇಕೆ, ಸಂಜೆ ಸೌದೆಗೆ ಹೆಂಗಸರು, ಮಳೆಗಾಲದಲ್ಲಿ ಅಣಬೆ, ಬೇಸಿಗೆಯಲ್ಲಿ ಮಾರಮ್ಮನ ಹಬ್ಬದ ಅಡುಗೆ. ಪಾಣಿಯಲ್ಲಿ ಒಂದೇ ಪದ: ಸರ್ಕಾರಿ. 1984ರಲ್ಲಿ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಸರ್ಕಾರವೂ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಒಂದು ಕಂಪನಿ ಮಾಡಿ, ನೀಲಗಿರಿ ಬೆಳೆಯಲಿಕ್ಕೆ ಸುಮಾರು 30 ಸಾವಿರ ಹೆಕ್ಟೇರ್ ಇಂಥ 'ಖಾಲಿ' ಭೂಮಿಯನ್ನು ಗೊತ್ತುಮಾಡಿದ್ದು ಓದಿದವರಿಗೆ ನೆನಪಿರಬೇಕು. 1987ರ ನವೆಂಬರ್ 14ರಂದು ಹಾನಗಲ್ ಸೀಮೆಯ ಕುಸನೂರಿನಲ್ಲಿ ಜನ ಕೈಯಲ್ಲಿ ಸಸಿ ಹಿಡಿದು ಬಂದರು. ನೀಲಗಿರಿ ಕಿತ್ತರು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅಂತ ಅದರ ಹೆಸರು. ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿನವರೆಗೂ ಹೋದರು, ಕೊನೆಗೆ ಆ ಕಂಪನಿಯನ್ನೇ ಮುಚ್ಚಿದರು. ಖಾಲಿ ಅಂದುಕೊಂಡ ಜಾಗದಿಂದ ಅಷ್ಟು ಜನ ಎದ್ದು ಬಂದರಲ್ಲ, ಅವರು ನಕ್ಷೆಯಲ್ಲಿ ಎಲ್ಲಿದ್ದರು?

ಕಡಲಲ್ಲಿ ಸಸಿ ಹಿಡಿದು ಹೋಗಲಿಕ್ಕೂ ಆಗುವುದಿಲ್ಲ.

ಕೆಲವು ವರ್ಷದ ಹಿಂದೆ ಶಾಲೆಯ ಮಕ್ಕಳನ್ನು ಪ್ರವಾಸ ಕರೆದುಕೊಂಡು ಮಲ್ಪೆಗೆ ಹೋಗಿದ್ದೆ. ಮಕ್ಕಳೆಲ್ಲ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬ ನೋಡಲು ಬೋಟು ಹತ್ತಿದವು. ನನಗೆ ತಲೆ ಸುತ್ತುತ್ತದೆಂದು ಬಂದರಿನಲ್ಲೇ ಕೂತೆ. ಬಲೆ ಹೊಲಿಯುತ್ತಿದ್ದ ಮುದುಕರೊಬ್ಬರ ಜೊತೆ ಮಾತು ಬೆಳೆಯಿತು. ಕಡಲಿನ ಆಳವನ್ನು ಅವರು ಮಾರಿನಲ್ಲಿ ಹೇಳುತ್ತಿದ್ದರು. ಎರಡು ಕೈ ಚಾಚಿದರೆ ಒಂದು ಮಾರು, ನಾವು ಹೂವು ಕೊಳ್ಳುವ ಅದೇ ಮಾರು. ಇಷ್ಟು ಮಾರಿನಲ್ಲಿ ಕೆಸರು, ಇಷ್ಟು ಮಾರಿನಲ್ಲಿ ಕಲ್ಲು, ಕಲ್ಲಿದ್ದ ಕಡೆ ಬಲೆ ಹರಿಯುತ್ತದೆ ಆದರೆ ಮೀನು ಸೇರುವುದೂ ಅಲ್ಲೇ. ಜಿಪಿಎಸ್ ಬರುವ ಮುಂಚೆ ದಡದ ಒಂದು ಗುಡ್ಡ, ಒಂದು ಗೋಪುರ ಎರಡನ್ನೂ ಕಣ್ಣಲ್ಲಿ ಕೂಡಿಸಿ ಜಾಗ ಹಿಡಿಯುತ್ತಿದ್ದೆವು ಅಂದರು. ಕಂದಾಯ ಇಲಾಖೆಯ ಯಾವ ಸರಪಳಿಗೂ ಸಿಗದ ಹದ್ದುಬಸ್ತು ಅದು.

ನಾವು ದಡದಲ್ಲಿ ನಿಂತವರಿಗೆ ಕಡಲು ಒಂದೇ. ಅವರಿಗೆ ಅದು ಎಷ್ಟೋ ಹಿಸ್ಸೆ. ದಡದ ಹತ್ತಿರ ನಾಡದೋಣಿ, ಅದರಾಚೆ ಪರ್ಸೀನ್, ಅದರಾಚೆ ಆಳಸಮುದ್ರದ ಟ್ರಾಲ್ ಬೋಟು. ಜಾಗದ ಭಾಗ ಮಾತ್ರ ಅಲ್ಲ, ಕಾಲದ ಭಾಗವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳಿಗೆ ರಜೆ, ಮೀನಿಗೆ ಬಾಣಂತನ. ಒಂದು ಕಾಲಕ್ಕೆ ರಂಪಣಿ ಇತ್ತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ ಬಲೆ, ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸೀನ್ ಬಲೆ ಬಂತು. ದಡಕ್ಕೆ ಬರುವ ಮೊದಲೇ ಬಂಗುಡೆಯ ಹಿಂಡಿಗೆ ಸುತ್ತುಹಾಕಿ ಎತ್ತಿತು. ಎಷ್ಟೋ ರಂಪಣಿ ಬಲೆಗಳು ದಡದ ಕೊಟ್ಟಿಗೆಯಲ್ಲೇ ಲಡ್ಡಾದವು. ಅದಕ್ಕೆ ಯಾರೂ ಯೋಜನೆ ಮಾಡಲಿಲ್ಲ. ಯೋಜನೆ ಇಲ್ಲದಿರುವುದೂ ಗಟ್ಟಿಗನ ಪರವಾದ ಒಂದು ಯೋಜನೆಯೇ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಅಂಕೋಲೆಯವರೆಗಿನ ಎಷ್ಟೋ ದಡದ ಊರುಗಳು ಒಕ್ಕಲೆದ್ದವು. ದೇಶಕ್ಕೆ ನೌಕಾನೆಲೆ ಬೇಕು, ಬೇಡ ಅನ್ನಲಾಗದು. ಮನೆ, ಗದ್ದೆ ಹೋದದ್ದಕ್ಕೆ ಲೆಕ್ಕ ಹಾಕಬಹುದು. ಬಲೆ ಬೀಸುತ್ತಿದ್ದ ನೀರಿಗೆ ಯಾವ ದರಪಟ್ಟಿ?

ಹೊರದೇಶದವರು ಇದನ್ನು ಹೇಗೆ ಬಿಡಿಸಿಕೊಂಡರು ಅಂತ ಹುಡುಗನನ್ನು ಕೇಳಿದೆ. ಬೆಲ್ಜಿಯಂ ಎಂಬ ಪುಟ್ಟ ದೇಶಕ್ಕೆ ಇರುವ ಕಡಲದಂಡೆಯೇ 65 ಕಿಲೋಮೀಟರ್ ಸುಮಾರು. ಕಾರವಾರದಿಂದ ಹೊರಟರೆ ಕುಮಟೆ ದಾಟುವಷ್ಟರಲ್ಲಿ ದೇಶ ಮುಗಿಯಿತು. ಅಷ್ಟರಲ್ಲೇ ಹಡಗಿನ ಹೆದ್ದಾರಿ, ಮರಳು ತೆಗೆಯುವ ಜಾಗ, ಮೀನು, ಸೈನ್ಯದ ತಾಲೀಮು. ಗೆರೆ ಎಳೆಯದೆ ಅವರಿಗೆ ಬದುಕೇ ಇರಲಿಲ್ಲ. ಎಳೆದು, ಗಡಿಯ ಹತ್ತಿರದ ಒಂದು ಪಟ್ಟಿಯಲ್ಲಿ 2020ರ ಹೊತ್ತಿಗೆ 399 ಯಂತ್ರ ನಿಲ್ಲಿಸಿದರು. ಅದರೊಳಗೆ ಮೀನುಬೋಟಿಗೆ ಪ್ರವೇಶವಿಲ್ಲ. ಬ್ರಿಟನ್ನಿನಲ್ಲಿ ಯಂತ್ರಗಳ ನಡುವೆಯೂ ಮೀನು ಹಿಡಿಯಬಹುದು, ಬಲೆ ತಂತಿಗೆ ಸಿಕ್ಕರೆ ನಿಮ್ಮ ಪಾಡು. ಆಳ ಹೆಚ್ಚಿದ್ದ ಕಡೆ ಕಂಬ ನೆಡದೆ ತೇಲಿಸುವುದೂ ಉಂಟು. 2017ರಲ್ಲಿ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಹತ್ತಿರ ಐದು ಯಂತ್ರಗಳನ್ನು ಹಾಗೆ ತೇಲಿಬಿಟ್ಟು ಲಂಗರು ಹಾಕಿದ್ದಾರೆ. ನಮ್ಮಲ್ಲಿ ನಾರ್ವೆಯವರ ಜೊತೆ 2019ರಲ್ಲಿ ಮಾಡಿಕೊಂಡ ಒಪ್ಪಂದದ ಮೇಲೆ ಪುದುಚೇರಿ, ಲಕ್ಷದ್ವೀಪ ಎರಡು ಕಡೆ ಕಡಲ ನಕ್ಷೆಯ ಪ್ರಯೋಗ ನಡೆದಿದೆ. ಮನ್ನಾರ್ ಕೊಲ್ಲಿಯಲ್ಲಿ ಕಗ್ಗಂಟು ಹೆಚ್ಚು. ಗಾಳಿ ಜೋರಿರುವ ಆ ಕಡೆಯೇ 21 ದ್ವೀಪಗಳ ಕಡಲ ರಾಷ್ಟ್ರೀಯ ಉದ್ಯಾನ, ಹವಳ, ಕಡಲಹಸು, ಸಾವಿರಾರು ದೋಣಿ. ಅಲ್ಲಿಯ ಬೆಸ್ತರು ಬೇಡ ಅನ್ನುತ್ತಿದ್ದಾರೆ.

"ಅವರಿಗೆ ಬಾಡಿಗೆ ಕೊಡ್ತಾರಾ?" ಇದು ನನ್ನ ಪ್ರಶ್ನೆ. ಕೇಳಲು ಕಾರಣವಿದೆ.

ಪಾವಗಡ ನೋಡಿದ್ದೇನೆ. ಅಲ್ಲಿಯ ಸೋಲಾರ್ ಪಾರ್ಕು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಐದು ಊರುಗಳ ಜಮೀನು ಅದರಲ್ಲಿದೆ, ಒಂದು ಊರಿನ ಹೆಸರು ಬಳಸಮುದ್ರ. ಮಳೆಯೇ ಕಾಣದ ತಾಲ್ಲೂಕಿನಲ್ಲಿ ಅದಕ್ಕೂ ಒಂದು ಸಮುದ್ರ! ಈಗ ಅಲ್ಲಿ ನಿಂತರೆ ನಿಜವಾಗಿಯೂ ಸಮುದ್ರವೇ, ಗಾಜಿನ ಹಲಗೆಗಳ ಸಮುದ್ರ. ಆ ಜಮೀನನ್ನು ಕೊಂಡುಕೊಳ್ಳಲಿಲ್ಲ, ರೈತರಿಂದ ಭೋಗ್ಯಕ್ಕೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು. ಒಣಭೂಮಿಯ ರೈತನಿಗೆ ಅದು ಕೆಟ್ಟ ಲೆಕ್ಕವೇನಲ್ಲ, ನಾನು ಬಾಯಿ ಬಿಟ್ಟು ಮೆಚ್ಚಿದ್ದೇನೆ. ಆದರೆ ಬಾಡಿಗೆ ಬಂದದ್ದು ಪಾಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವರಿಗೆ, ಕುರಿ ಅಟ್ಟಿಕೊಂಡು ಹೋಗುತ್ತಿದ್ದವರಿಗೆ ಬೇಲಿ ಬಂತು, ಬಾಡಿಗೆ ಬರಲಿಲ್ಲ. ಕಡಲಲ್ಲಿ ಇರುವವರೆಲ್ಲ ಕುರಿಯವರೇ. ಅಲ್ಲಿ ಪಾಣಿ ಇರುವುದು ಒಬ್ಬರಿಗೆ ಮಾತ್ರ, ದೆಹಲಿಯವರಿಗೆ.

ಹುಡುಗ ತಲೆ ಕೆರೆದುಕೊಂಡ. ಬೋಟುಗಳು ಎಲ್ಲೆಲ್ಲಿ ಓಡಾಡುತ್ತವೆ ಎಂಬುದನ್ನು ಯಂತ್ರದಿಂದ ಹಿಡಿದು ಹಾಕುತ್ತೇವೆ ಮಾವ, ಅಂದ. ದೊಡ್ಡ ಬೋಟಿನದ್ದು ಸಿಗುತ್ತದೆ. ನಾಡದೋಣಿಯಲ್ಲಿ ಆ ಯಂತ್ರ ಇಲ್ಲ. ಹಾಗಾಗಿ ಅವು ನಕ್ಷೆಗೆ ಬರುವುದಿಲ್ಲ.

"ಹೋಗಿ ಕೇಳಬಹುದಲ್ಲ?"

"ಬಜೆಟ್ಟಿನಲ್ಲಿ ಇಲ್ಲ."

ಅದನ್ನು ಅವನು ನಾಚಿಕೆಯಿಂದಲೇ ಹೇಳಿದ. ಒಳ್ಳೆಯ ಹುಡುಗ. ಅವನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ನಾನು ಗಾಳಿಯಂತ್ರದ ವಿರೋಧಿಯಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರಿನ ಹುಡುಗರು ನನ್ನನ್ನು ಹಸಿರು ಶಾಲಿನ ಲೆಕ್ಕಕ್ಕೋ ಕೆಂಪು ಬಾವುಟದ ಲೆಕ್ಕಕ್ಕೋ ಹಾಕುತ್ತಾರೆ. ಕಲ್ಲಿದ್ದಲ ಹೊಗೆಗಿಂತ ಕಡಲ ಗಾಳಿ ಸಾವಿರ ಪಾಲು ಮೇಲು. ಆದರೆ ಕರೆಂಟಿನ ವಿಷಯದಲ್ಲಿ ನಮ್ಮ ದಂಡೆಯವರಿಗೆ ಒಂದು ಹಳೆಯ ನೆನಪಿದೆ. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ನಮ್ಮದೇ ಹೊಳೆಯ ನೀರು ಚಕ್ರ ತಿರುಗಿಸಿ, ಆ ಕರೆಂಟು ತಂತಿಯ ಮೇಲೆ 147 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಜಗತ್ತೇ ಬೆರಗಾಗುವಷ್ಟು ಉದ್ದದ ತಂತಿ. ಕನಸು ಕಂಡ ದಿವಾನ್ ಶೇಷಾದ್ರಿ ಅಯ್ಯರ್ ಅದಕ್ಕೆ ಹಿಂದಿನ ವರ್ಷವೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ವಿದ್ಯುದಾಗಾರವಿದ್ದ ಆಚೆ ದಡ ಮೈಸೂರಿನದು, ನಮ್ಮ ಕೊಳ್ಳೇಗಾಲದ ಈಚೆ ದಡ ಮದ್ರಾಸಿನ ಕೊಯಮತ್ತೂರು ಜಿಲ್ಲೆಯದು, 1956ರವರೆಗೂ ಹಾಗೆಯೇ. ಒಂದೇ ಹೊಳೆ, ನಡುವೆ ಒಂದು ಗೆರೆ. ನಮ್ಮ ಮನೆಗೆ ದೀಪ ಬಂದದ್ದು ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ. ಅಲ್ಲಿಯವರೆಗೆ ಬುಡ್ಡಿ ದೀಪದ ಮುಂದೆ ಕೂತು, ಏಷ್ಯಾದ ಮೊದಮೊದಲ ಜಲವಿದ್ಯುತ್ ಕೇಂದ್ರಗಳಲ್ಲಿ ಶಿವನಸಮುದ್ರವೂ ಒಂದು ಎಂದು ಬಾಯಿಪಾಠ ಮಾಡಿದ್ದೇನೆ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಗಣಿಯವರಿಗೆ ತೊಂದರೆ. ಅದಕ್ಕಾಗಿಯೂ 1911ರಲ್ಲಿ ಕನ್ನಂಬಾಡಿ ಕಟ್ಟೆ, ಅಂದರೆ ಈಗಿನ ಕೆ.ಆರ್.ಎಸ್., ಶುರುವಾಯಿತು. ಆ ಕಟ್ಟೆಯ ಬಾಗಿಲು ತೆರೆದಾಗಲೇ 2018ರಲ್ಲಿ ನಮ್ಮ ಬದು ಹೋದದ್ದು. ನೋಡಿ, ಎಲ್ಲಿಂದ ಎಲ್ಲಿಗೆ ಬಂದೆ. ಹರಟೆಯ ದೋಷವೇ ಇದು, ಹೊಳೆಯ ಹಾಗೆ ಬದು ಗೊತ್ತಾಗುವುದಿಲ್ಲ.

ಮೂರನೆಯ ದಿನ ಸಂಜೆ ಗಾಳಿಗೆ ಎಲ್ಲೋ ಕೊಂಬೆ ಬಿದ್ದು ಕರೆಂಟು ಹೋಯಿತು. ಹುಡುಗನ ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಮಿಣಮಿಣ ಅನ್ನುತ್ತಿತ್ತು. ಹೆಂಡತಿಯ ಫೋನಿಗೆ ಕಾಯುತ್ತಾ, ತಾತನಿಗೆ ಮನರಂಜನೆಯಾಗಲಿ ಎಂದು ನಕ್ಷೆಯಲ್ಲಿ ಕಾವೇರಿಯನ್ನು ತೋರಿಸುತ್ತಾ ಹೋದ. ಇದು ನಮ್ಮ ಊರು, ಇದು ಭರಚುಕ್ಕಿ, ಇದು ಹೊಗೇನಕಲ್ಲು, ಇಲ್ಲಿ ತಿರುಚಿ, ಇದೋ ಇಲ್ಲಿ ಪೂಂಪುಹಾರಿನಲ್ಲಿ ಸಮುದ್ರ ಸೇರುತ್ತಾಳೆ ತಾಯಿ. ಆಚೆ ಎಲ್ಲ ನೀಲಿ.

ದೊಡ್ಡಪ್ಪ ಆ ನೀಲಿಯ ಮೇಲೆ ಬೆರಳಿಟ್ಟರು.

"ಇಲ್ಲಿ ನನ್ನ ಹೆಸರ ಬರ್ಕ."

"ಯಾಕೆ ತಾತ?"

"ಹೊಳ ತಕ್ಕೊಂಡೋದ ನನ್ನ ಹತ್ತು ಗುಂಟ ಮಣ್ಣು ಇಲ್ಲೇ ತಾನೇ ಬಿದ್ದಿರಾದು? ಖಾಲಿ ಅನ್ನಬ್ಯಾಡ."

ಹುಡುಗ ನಕ್ಕ. "ಅಷ್ಟು ದೂರ ಹೋಗಲ್ಲ ತಾತ. ನಡುವೆ ಮೆಟ್ಟೂರು ಡ್ಯಾಮಿದೆ. ಮಣ್ಣೆಲ್ಲ ಅಲ್ಲೇ ನಿಂತುಬಿಡುತ್ತೆ."

ದೊಡ್ಡಪ್ಪ ಬೆರಳನ್ನು ಹೊಳೆಯ ಗುಂಟ ಹಿಂದಕ್ಕೆ ತಂದರು. ಕಣ್ಣು ಕಾಣದಿದ್ದರೂ ಮೆಟ್ಟೂರಿನ ಸುಮಾರಿಗೆ ಸರಿಯಾಗಿಯೇ ನಿಲ್ಲಿಸಿದರು.

"ಹಂಗಾರ ಇಲ್ಲಿಗ ಬರ್ಕ" ಅಂದರು.